ಮೈಕಿನೊಳಗಿನ ಕಪ್ಪೆ

ಮಾಸ್ತ್ರು ತೀರಿಹೋದ ಸುದ್ದಿ ಶಾಲೆಯ ವಾಟ್ಸ್ಯಾಪ್ ಗುಂಪಿನಲ್ಲಿ ಬಂದಾಗ ನಾನು ಕುಮಟಾದಲ್ಲಿ ತರಬೇತಿ ಮುಗಿಸಿ ಭಟ್ಕಳದ ಬಸ್ಸಿಗೆ ಕಾಯುತ್ತಿದ್ದೆ. ಕೈಮುಗಿದ ಚಿತ್ರಗಳು ಒಂದರ ಬೆನ್ನಿಗೊಂದು ಬಂದವು. ಆಮೇಲೆ ದೀಪದ ಚಿತ್ರಗಳು. ಆಮೇಲೆ ಯಾರೋ ಹೂವಿನ ಅಂಚು ಹಾಕಿ ಮಾಡಿದ ‘ನಗುವಿನ ಸರದಾರ ಇನ್ನಿಲ್ಲ’ ಎಂಬ ಪೋಸ್ಟರು. ನಾನು ಕೈಮುಗಿಯಲಿಲ್ಲ. ಫೋನನ್ನು ಚೀಲಕ್ಕೆ ಹಾಕಿ, ಎದುರಿನ ಅಂಗಡಿಯಲ್ಲಿ ಒಂದು ಚಹಾ ಕುಡಿದು ಬಂದೆ.

ಮನೆಗೆ ಬಂದಾಗ ನನ್ನ ಗಂಡ, “ಹೋದವರ ಸುದ್ದಿ ಬಿಡು ಇನ್ನು” ಎಂದರು. ಬಿಡಲು ನನಗೆ ಮನಸ್ಸಿಲ್ಲ. ಊರಿಗೆ ಊರೇ ಅವರನ್ನು ಹೊಗಳಿ ಬರೆಯುತ್ತಿದೆ. ಅವರ ಜೊತೆ ಇಪ್ಪತ್ತು ವರ್ಷಕ್ಕೆ ಹತ್ತಿರ ಒಂದೇ ಸ್ಟಾಫ್ ರೂಮಿನಲ್ಲಿ ಕೂತವಳು ನಾನು. ನನಗೆ ಗೊತ್ತಿರುವುದನ್ನು ನಾನೂ ಬರೆಯುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಅವರ ಹೆಂಡತಿ ಇದ್ದಾರೆ. ಆ ಹೆಂಗಸಿಗೆ ಈವರೆಗೆ ಆದದ್ದೇ ಸಾಕು.

ಹೊನ್ನಾವರದ ಒಂದು ಪ್ರೌಢಶಾಲೆಯಲ್ಲಿ ಅವರು ಕನ್ನಡ ಕಲಿಸುತ್ತಿದ್ದರು, ನಾನು ಗಣಿತ. ತೆಳ್ಳಗಿನ ಆಳು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಕುಮಟಾದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಯಾರ ಮೇಲಾದರೂ ಒಂದು ಮಾತು ಎಸೆಯುತ್ತಿದ್ದರು. ಎಸೆದ ಕೂಡಲೇ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಲು ಶುರು. ಉಳಿದವರು ನಗುವಷ್ಟು ಹೊತ್ತೂ ತಲೆಯೆತ್ತದೆ ಒರೆಸುತ್ತಲೇ ಇರುವುದು. ನಗು ಇಳಿಯುತ್ತ ಬಂದಾಗ ಕನ್ನಡಕ ಏರಿಸಿ, ಯಾರು ನಗಲಿಲ್ಲವೆಂದು ಒಂದು ಸುತ್ತು ನೋಡುವುದು. ನಗದೇ ಉಳಿದವರು ಮರುದಿನದ ಮಾತಿಗೆ ಗುರಿಯಾಗುತ್ತಿದ್ದರು. ಹೊಸದಾಗಿ ಸೇರಿದ ಶಿಕ್ಷಕರು ಇದನ್ನು ಬಹಳ ಬೇಗ ಕಲಿಯುತ್ತಿದ್ದರು. ಅರ್ಥವಾಗದಿದ್ದರೂ ನಗುತ್ತಿದ್ದರು.

ಸಿನಿಮಾ, ಟೀವಿ ಧಾರಾವಾಹಿ, ಜಾಹೀರಾತು, ಫೋನಿನ ರಿಂಗ್‌ಟೋನು, ಇವೇ ಅವರ ಹಾಸ್ಯದ ಸರಕು. ಒಬ್ಬ ಮನುಷ್ಯ ಯಾವ ಹಾಡು ಕೇಳುತ್ತಾನೆ, ಯಾವ ಧಾರಾವಾಹಿಗೆ ಅಳುತ್ತಾನೆ ಎಂದು ತಿಳಿದರೆ ಅವನ ಜಾತಕವನ್ನೇ ಬರೆದುಕೊಡುತ್ತೇನೆ ಎನ್ನುತ್ತಿದ್ದರು. ನಮ್ಮ ಶಾಲೆಯ ಜವಾನ ಮಂಜಣ್ಣನ ಫೋನಿನಲ್ಲಿ ಒಂದು ದುಃಖದ ಸಿನಿಮಾ ಹಾಡಿತ್ತು. ಮಾಸ್ತ್ರು ಅದನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳೆದುರು ಅಭಿನಯಿಸಿದರು. ಹಾಡು ಬರುತ್ತಿದ್ದಂತೆ ಎದೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಗೋಡೆಗೆ ಒರಗಿ, ಕೊನೆಗೆ ನಡುಗುವ ಕೈಯಲ್ಲಿ ಫೋನು ಕಿವಿಗಿಟ್ಟು, “ಹಲೋ, ಗ್ಯಾಸ್ ಬಂತಾ?” ಎಂದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಮರುದಿನದಿಂದ ಮಂಜಣ್ಣ ಗಂಟೆ ಹೊಡೆಯಲು ಹೋದಲ್ಲೆಲ್ಲ ಹಿಂದಿನಿಂದ “ಗ್ಯಾಸ್ ಬಂತಾ?” ಎಂಬ ಕೂಗು. ಅವನು ಬಂದು ಕೇಳಿದ:

“ಮಾಸ್ತ್ರೇ, ಹಿಂಗೆಲ್ಲ ಎಂತಕೆ ಮಾಡೂದು? ನಂಗೂ ಮಕ್ಕಳು ಮರಿ ಇಲ್ಲನ?”

“ನಾ ಹೆಸರು ಹೇಳಿದ್ನಾ ಮಂಜಣ್ಣ?” ಎಂದರು ಮಾಸ್ತ್ರು.

ಅದು ಅವರ ಕಾಯಂ ಉತ್ತರ. ಹೆಸರು ಹೇಳಬೇಕಾದ ಅಗತ್ಯವೇ ಬೀಳದ ಹಾಗೆ ಮಾಡುವುದರಲ್ಲಿ ಅವರು ಪಳಗಿದ್ದರು. ಮಂಜಣ್ಣ ಆಮೇಲೆ ಶಾಲೆಯಲ್ಲಿ ಫೋನನ್ನು ಸದ್ದು ಮಾಡಲು ಬಿಡಲೇ ಇಲ್ಲ.

ಒಳ್ಳೆಯದು ಏನೂ ಇರಲಿಲ್ಲವೆಂದಲ್ಲ. ವ್ಯಾಕರಣವನ್ನು ಅವರಷ್ಟು ಚೆನ್ನಾಗಿ ಕಲಿಸುವವರನ್ನು ನಾನು ಕಂಡಿಲ್ಲ. ಒಮ್ಮೆ ಒಬ್ಬ ಹುಡುಗಿ ಬಿಸಿಲಿಗೆ ತಲೆತಿರುಗಿ ಬಿದ್ದಾಗ ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವರೂ ಅವರೇ. ಇವೆಲ್ಲ ನಿಜ. ಆದರೆ ಅದೇ ಹುಡುಗಿ ವಾರ ಬಿಟ್ಟು ಶಾಲೆಗೆ ಬಂದಾಗ ಅವಳು ಬಿದ್ದ ಬಗೆಯನ್ನು ಸಿನಿಮಾದ ನಾಯಕಿ ಬೀಳುವ ಬಗೆಗೆ ಹೋಲಿಸಿ ತರಗತಿಯಲ್ಲಿ ತೋರಿಸಿದರು. ಅದೂ ನಿಜ.

ಇನ್ನು ನನ್ನ ತಂಗಿಯ ವಿಷಯ.

ಸುಮಿತ್ರ ಹಾಡುತ್ತಿದ್ದಳು. ಕಲಿತವಳಲ್ಲ. ಶಿರಾಲಿಯ ನಮ್ಮ ತವರುಮನೆಯಲ್ಲಿ ರೇಡಿಯೋ ಕೇಳಿ ಕೇಳಿ, ಗದ್ದೆ ನೆಟ್ಟಿಗೆ ಬರುವ ಹೆಂಗಸರ ಹಾಡು ಕೇಳಿ ಕೇಳಿ ಅವಳ ಗಂಟಲು ತಾನಾಗಿ ತೆರೆದುಕೊಂಡಿತ್ತು. ಆಗ ನಮ್ಮ ಕಡೆ ಚೌತಿ ಬಂತೆಂದರೆ ಊರೂರಿಗೆ ಆರ್ಕೆಸ್ಟ್ರಾ. ಭಟ್ಕಳದ ಒಂದು ತಂಡದವರು ಇವಳ ಹಾಡು ಕೇಳಿ ಕರೆದುಕೊಂಡರು. ಭಟ್ಕಳದವನೇ ಆದ ಅಶ್ರಫ್ ಡ್ರಮ್ಸ್ ನುಡಿಸುತ್ತಿದ್ದ. ಹಾಡಿಗೂ ಹಾಡಿಗೂ ನಡುವೆ ಮೈಕು ಹಿಡಿದು ಜನರನ್ನು ನಗಿಸುವ ಕೆಲಸ, ಯಾರು ಯಾವಾಗ ಏನು ಹಾಡಬೇಕೆಂದು ನಿರ್ಧರಿಸುವ ಕೆಲಸ, ಎರಡೂ ಮಾಸ್ತ್ರದ್ದು. ಆಗಿನ್ನೂ ನನಗೆ ಅವರ ಪರಿಚಯ ಇರಲಿಲ್ಲ. ನನ್ನನ್ನು ಶಿರಾಲಿಗೇ ಮದುವೆ ಮಾಡಿಕೊಟ್ಟಿದ್ದರು, ಕೆಲಸ ಸಿಕ್ಕಿರಲಿಲ್ಲ.

ಸುಮಿತ್ರ ಇಪ್ಪತ್ತೆರಡರ ಹುಡುಗಿ. ಆ ವರ್ಷ ಹೊನ್ನಾವರದ ಗಣೇಶೋತ್ಸವದ ಪೆಂಡಾಲಿನಲ್ಲಿ ಕಾರ್ಯಕ್ರಮ. ನಾನು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿದ್ದೆ. ಅವಳಿಗೆ ಎರಡು ದಿನದಿಂದ ಜ್ವರ. ಬೆಳಿಗ್ಗೆ ಗಂಟಲೇ ಏಳುತ್ತಿರಲಿಲ್ಲ. ಕೆಳದನಿಯ ಒಂದೆರಡು ಹಾಡು ಹಾಡಿ ಇಳಿದುಬಿಡುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಮಾಸ್ತ್ರು ಮೈಕಿನಲ್ಲಿ ಘೋಷಿಸಿದ್ದು ಮಾತ್ರ ಚರಣದ ಕೊನೆಗೆ ಮೇಲಿನ ಷಡ್ಜಕ್ಕೆ ಏರಿ ನಿಲ್ಲಬೇಕಾದ ಹಾಡನ್ನು. ಆ ವರ್ಷ ಎಲ್ಲರ ಬಾಯಲ್ಲೂ ಇದ್ದ ಹಾಡು ಅದು. ಪೆಂಡಾಲು ಚಪ್ಪಾಳೆ ಹೊಡೆಯಿತು. ಸುಮಿತ್ರ ಒಂದು ಸಲ ಅವರತ್ತ ನೋಡಿದಳು. ಆಮೇಲೆ ಹಾಡಿದಳು. ಚರಣದ ಕೊನೆಯಲ್ಲಿ ಅವಳ ದನಿ ಒಡೆದು ಒಂದು ವಿಚಿತ್ರ ಸದ್ದಾಗಿ ಹೊರಬಿತ್ತು. ವಾದ್ಯಗಳು ನಿಂತವು. ಆಗ ಮಾಸ್ತ್ರು ಅವಳ ಕೈಯಿಂದ ಮೈಕು ತೆಗೆದುಕೊಂಡು ಹೇಳಿದರು:

“ಪ್ರೇಕ್ಷಕರು ಗಾಬರಿಯಾಗಬಾರದು. ಮೈಕಿನೊಳಗೆ ಒಂದು ಕಪ್ಪೆ ಹೊಕ್ಕಿದೆ.”

ಇಡೀ ಪೆಂಡಾಲು ಕುಣಿದು ನಕ್ಕಿತು. ಅವರು ಕನ್ನಡಕ ಒರೆಸುತ್ತ ನಿಂತರು.

ಆಮೇಲೆ ಶಿರಾಲಿಯಿಂದ ಭಟ್ಕಳಕ್ಕೆ ಹೋಗುವ ಬಸ್ಸಿಗೆ ಸುಮಿತ್ರ ಹತ್ತಿದರೆ ಹಿಂದಿನ ಸೀಟಿನಿಂದ ವಟರ್ ವಟರ್ ಎಂಬ ಸದ್ದು. ಅಂಗಡಿಗೆ ಹೋದರೂ ಅದೇ. ಅವಳು ತಂಡ ಬಿಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ, ಹಾಡುವುದನ್ನೇ ಬಿಟ್ಟಳು. ಪಾತ್ರೆ ತೊಳೆಯುವಾಗ ಗುನುಗುವುದೂ ನಿಂತಿತು. ಎರಡು ವರ್ಷ ಕಳೆದು ತೆಂಗಿನಗುಂಡಿಗೆ ಮದುವೆಯಾಗಿ ಹೋದಳು. ಹೊಲಿಗೆ ಕಲಿತಳು. ಒಳ್ಳೆಯ ಗಂಡ, ಒಳ್ಳೆಯ ಮನೆ. ಆದರೆ ಅವಳ ಗಂಡ ಇವತ್ತಿನವರೆಗೆ ಅವಳ ಒಂದು ಹಾಡು ಕೇಳಿದವನಲ್ಲ.

ನಾನು ಹೊನ್ನಾವರದ ಶಾಲೆಗೆ ಸೇರಿದ ದಿನ ಮಾಸ್ತ್ರು ನನ್ನ ಮುಖ ನೋಡಿ ಗುರುತು ಹಿಡಿದರು. “ನೀವು ನಮ್ಮ ಕೋಗಿಲೆಯ ಅಕ್ಕ ಅಲ್ದಾ? ಗಣಿತ ಅಂದ್ರೆ ಬಚಾವು. ಸಂಗೀತ ಆಗಿದ್ರೆ ಮಳೆಗಾಲದ ತನಕ ಕಾಯ್ಬೇಕಾಗಿತ್ತು” ಎಂದು ಕನ್ನಡಕ ತೆಗೆದರು. ನಾನು ನಗಲಿಲ್ಲ. ಆ ಮೇಲಿನ ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಆ ಕಪ್ಪೆಯ ಮಾತು ಆ ಗಳಿಗೆಗೆ ಬಾಯಿಗೆ ಬಂದದ್ದು, ಕಾರ್ಯಕ್ರಮ ಕೆಡದಿರಲೆಂದು ಆಡಿದ್ದು ಎಂದೇ ನಾನು ನಂಬಿದ್ದೆ. ಸಿಟ್ಟಿತ್ತು. ಆದರೂ ಆಡಿಹೋದ ಒಂದು ಮಾತಿಗೆ ಎಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅವರು ನಿವೃತ್ತರಾಗಿ ಎರಡು ವರ್ಷ ಕಳೆದ ಮೇಲಿನ ಸಂಗತಿ. ಬಸ್ಸಿನಲ್ಲಿ ಓದಿದರೆ ನನಗೆ ತಲೆನೋವು ಬರುತ್ತದೆಂದು ಮಗಳು ನನ್ನ ಫೋನಿಗೆ ಆಡಿಯೊ ಪುಸ್ತಕದ ಆ್ಯಪ್ ಹಾಕಿಕೊಟ್ಟಿದ್ದಳು. ಹೆದ್ದಾರಿ ಅಗಲ ಮಾಡುವ ಕೆಲಸ ಮುಗಿಯುವುದೇ ಇಲ್ಲವಲ್ಲ, ಶಿರಾಲಿಯಿಂದ ಹೊನ್ನಾವರ ಮುಟ್ಟುವಷ್ಟರಲ್ಲಿ ಒಂದೆರಡು ಅಧ್ಯಾಯ ಮುಗಿಯುತ್ತಿದ್ದವು. ಒಂದು ದಿನ ಹುಡುಕುತ್ತಿದ್ದಾಗ ಹಾಸ್ಯ ಪ್ರಬಂಧಗಳ ಸಂಗ್ರಹವೊಂದು ಕಂಡಿತು. ಮುಖಪುಟದಲ್ಲಿ ಟೀವಿಯೊಳಗಿಂದ ಹೊರಗೆ ಇಣುಕುವ ಅತ್ತೆಯ ಚಿತ್ರ. ಬರೆದವರ ಹೆಸರು ನಾನು ಕೇಳಿದ್ದಲ್ಲ. ಅದು ಮಾಸ್ತ್ರ ಕಾವ್ಯನಾಮವೆಂದು ಆಮೇಲೆ ತಿಳಿಯಿತು. ಓದಿದವಳು ಒಬ್ಬ ಹುಡುಗಿ. ದನಿ ಸೊಗಸಾಗಿತ್ತು. ಮಾಸ್ತ್ರೇ ಓದಿದ್ದರೆ ಮೊದಲ ವಾಕ್ಯಕ್ಕೇ ಕಿವಿಯಿಂದ ಕಿತ್ತು ಹಾಕುತ್ತಿದ್ದೆ.

ಪುಸ್ತಕ ಚೆನ್ನಾಗಿತ್ತು. ಇದನ್ನು ಬರೆಯಲು ನನಗೆ ಖುಷಿಯಿಲ್ಲ. ಧಾರಾವಾಹಿಯ ಅತ್ತೆ ಸೋಮವಾರ ಮೆಟ್ಟಿಲಿಳಿಯಲು ಶುರುಮಾಡಿದರೆ ನೆಲ ಮುಟ್ಟುವುದು ಶುಕ್ರವಾರ, ಅಷ್ಟರಲ್ಲಿ ನೋಡುವವರ ಮನೆಯ ಹಾಲು ದಿನಕ್ಕೊಂದು ಸಲ ಉಕ್ಕಿರುತ್ತದೆ ಎಂದಿತ್ತು ಒಂದು ಕಡೆ. ಇನ್ನೊಂದು ಕಡೆ, ಸಿನಿಮಾದ ನಾಯಕ ಒಂದು ಓಣಿ ತುಂಬ ಜನರನ್ನು ಹೊಡೆದು ಕೆಡವಿದರೂ ಅವನ ಅಂಗಿಗೆ ಮಡಿಕೆ ಬೀಳುವುದಿಲ್ಲ, ನಾವು ನೆಂಟರ ಮಗುವನ್ನು ಒಂದು ಸಲ ಎತ್ತಿಕೊಂಡರೆ ಮುಗಿಯಿತು ಎಂದಿತ್ತು. ಬಸ್ಸು ಮಂಕಿ ಊರು ದಾಟುವಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

“ಎಂತ ಅಕ್ಕೋರೇ, ಒಬ್ರೇ ನಗ್ತಾ ಇದ್ರಿ? ನಮಗೂ ಹೇಳಿ ಸ್ವಲ್ಪ” ಎಂದ ಪರಿಚಯದ ಕಂಡಕ್ಟರ್.

ಎಲ್ಲೋ ಕೇಳಿದ ದಾಟಿ ಅನ್ನಿಸಿತ್ತು. ಆದರೆ ಅದನ್ನು ಹಿಂಬಾಲಿಸಲಿಲ್ಲ. ನಗು ಬರುತ್ತಿತ್ತು, ಅಷ್ಟು ಸಾಕಾಗಿತ್ತು.

ಆ ಭಾನುವಾರ ಸುಮಿತ್ರ ಬಂದಿದ್ದಳು. ಬರುವಾಗ ತೆಂಗಿನಗುಂಡಿಯಿಂದ ಒಂದು ಚೀಲ ಸಿಗಡಿ ತಂದಿದ್ದಳು. ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಸಿಗಡಿ ಸುಲಿಯುತ್ತ, ಪುಸ್ತಕ ಹಚ್ಚಿ ಫೋನನ್ನು ಸ್ಟೂಲಿನ ಮೇಲಿಟ್ಟೆವು. ಅತ್ತೆಯ ಮೆಟ್ಟಿಲಿನ ಪ್ರಬಂಧಕ್ಕೆ ಸುಮಿತ್ರ ಗೋಡೆಗೆ ಒರಗಿ ನಕ್ಕಳು. ಕೈ ಸಿಗಡಿ ವಾಸನೆ, ಕಣ್ಣೊರೆಸಿಕೊಳ್ಳಲು ಮೊಣಕೈ ಬಳಸಬೇಕಾಯಿತು. “ಯಾರು ಮಾರಾಯ್ತಿ ಇಂವ, ನಮ್ಮ ಮನಿಗೆ ಬಂದು ನೋಡ್ಕಂಡು ಹೋಗಿ ಬರದಾಂಗೆ ಉಂಟಲ್ಲೇ!” ಎಂದಳು. ಅವಳು ಹಾಗೆ ನಕ್ಕದ್ದನ್ನು ಕಂಡು ನನಗೂ ಹಿಗ್ಗಾಯಿತು.

ಮುಂದಿನ ಪ್ರಬಂಧದ ತಲೆಬರಹವನ್ನು ಹುಡುಗಿ ಓದಿದಳು. ‘ನಮ್ಮೂರ ಕೋಗಿಲೆ.’

ಒಂದು ಕರಾವಳಿ ಪೇಟೆ, ಒಂದು ಆರ್ಕೆಸ್ಟ್ರಾ ತಂಡ, ತನ್ನನ್ನು ದೊಡ್ಡ ಹಿನ್ನೆಲೆ ಗಾಯಕಿಯೆಂದು ತಿಳಿದುಕೊಂಡ ಒಬ್ಬ ಹುಡುಗಿ. ಎರಡನೇ ವಾಕ್ಯಕ್ಕೇ ನನ್ನ ಕೈ ನಿಂತಿತು. ಗಂಟಲು ಸರಿಯಿಲ್ಲ, ಆ ಹಾಡು ಬೇಡವೆಂದು ನಿರೂಪಕ ಎಷ್ಟು ಹೇಳಿದರೂ ಆ ಹುಡುಗಿ ಕೇಳದೆ, ಹಾಡಿದರೆ ಅದನ್ನೇ ಹಾಡುತ್ತೇನೆಂದು ಪಟ್ಟು ಹಿಡಿದು ವೇದಿಕೆ ಏರಿದಳಂತೆ. ಓದುವ ಹುಡುಗಿ ಚರಣದ ಕೊನೆಯ ಆ ಸ್ವರವನ್ನು ತಾನೇ ಹಾಡಿ, ಬೇಕೆಂದೇ ಒಡೆದು ತೋರಿಸಿದಳು. ಹಿಂದಿನಿಂದ ಕಪ್ಪೆ ಕೂಗುವ ಸದ್ದನ್ನೂ ಸೇರಿಸಿದ್ದರು.

ನಾನು ಫೋನಿಗೆ ಕೈ ಹಾಕಿದೆ. ಒದ್ದೆ ಬೆರಳಿಗೆ ಪರದೆ ಬಗ್ಗಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಸುಮಿತ್ರ, “ಇರ್ಲಿ ಅಕ್ಕ, ನಿಲ್ಸಬ್ಯಾಡ. ಪೂರಾ ಕೇಳ್ವ” ಎಂದಳು.

ಪೂರಾ ಕೇಳಿದೆವು. ಅವಳ ಕೈ ಸುಲಿಯುತ್ತಲೇ ಇತ್ತು. ಮುಗಿದ ಮೇಲೆ ಪಾತ್ರೆ ಸರಿಸಿ ಹೇಳಿದಳು.

“ಕಪ್ಪೆ ಅಂದದ್ದು ಹಳೇದಾತು. ಆದ್ರೆ ನಾ ಪಟ್ಟು ಹಿಡದ್ನಾ? ಆ ದಿನ ಸ್ಟೇಜಿನ ಹಿಂದೆ ನಾ ಅವ್ರ ಹತ್ರ ಕೈಮುಗದು ಹೇಳ್ದೆ ಅಕ್ಕ. ಜ್ವರ ಉಂಟು ಮಾಸ್ತ್ರೇ, ಮೇಲಿಂದು ಬ್ಯಾಡ, ಕೆಳಗಿನ ಹಾಡು ಕೊಡಿ ಅಂತ. ಆತು ಆತು, ಹೆದರ್ಬ್ಯಾಡ ಅಂದ್ರು. ಆಮೇಲೆ ಮೈಕಲ್ಲಿ ಅದನ್ನೇ ಹೇಳಿದ್ರು.”

“ನಂಗೆ ಇಷ್ಟು ವರ್ಷ ಎಂತಕೆ ಹೇಳ್ಲಿಲ್ಲ?”

“ಮರತು ಹೇಳಿರ್ಬೌದು ಅಂದ್ಕಂಡಿದ್ದೆ. ಮರಿಲಿಲ್ಲ ಅವ್ರು. ನೋಡು, ಬೇಡ ಅಂದ ಮಾತೂ ನೆನಪುಂಟು. ಯಾರು ಯಾರಿಗೆ ಅಂದದ್ದು ಅಂತ ಮಾತ್ರ ತಿರುಗಿಸಿದಾರೆ.”

ಆ ದಿನ ಸಿಗಡಿ ಸಾರು ಪಾತ್ರೆಯಲ್ಲೇ ಉಳಿಯಿತು.

ಆ ವಾರವೇ ಇಬ್ಬರೂ ಭಟ್ಕಳಕ್ಕೆ ಹೋಗಿ ಅಶ್ರಫ್‌ನನ್ನು ಕಂಡೆವು. ಡ್ರಮ್ಸ್ ಬಿಟ್ಟು ಬಹಳ ವರ್ಷವಾಗಿತ್ತು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ. ಸುಮಿತ್ರಳನ್ನು ಕಂಡವನೇ ಎದ್ದು ನಿಂತು, ಹುಡುಗನನ್ನು ಚಹಾಕ್ಕೆ ಓಡಿಸಿದ. ಅಂಗಡಿಯ ಒಳಕೋಣೆಯಲ್ಲಿ ಆ ಪ್ರಬಂಧ ಕೇಳಿಸಿದೆವು. ಅರ್ಧಕ್ಕೇ ಅವನು ಕೈ ಎತ್ತಿದ.

“ಬಂದ್ ಮಾಡಿ ಅಕ್ಕಾ. ಬಿಲ್ಕುಲ್ ಸುಳ್ಳು ಇದು. ಸುಮಿತ್ರ ಬ್ಯಾಡ ಅಂದದ್ದು ನಾನೇ ಕೇಳಿದ್ದೇನೆ, ಅಲ್ಲೇ ಡ್ರಮ್ ಕಟ್ತಾ ಇದ್ದೆ.” ಆಮೇಲೆ ಸ್ವಲ್ಪ ಹೊತ್ತು ಬಟ್ಟೆಯ ಥಾನನ್ನು ಸವರುತ್ತ ಕೂತ. “ಇನ್ನೊಂದು ಮಾತು ಉಂಟು. ಅದನ್ನು ಹೇಳ್ಬೇಕೋ ಬೇಡ್ವೋ ಅಂತ ಇಷ್ಟು ವರ್ಷ ಆಯ್ತು. ಅವರು ಸ್ಟೇಜಿಗೆ ಹೋಗೂ ಮೊದ್ಲು ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ರು. ಇವತ್ತು ಹುಡುಗಿ ಗಂಟಲು ಕೈಕೊಡ್ತದೆ ಅಶ್ರಫ್, ಆವಾಗ ನಾ ಒಂದು ಮಾತು ಹೇಳ್ತೆ, ನೀನು ಧಡಲ್ ಅಂತ ಒಂದು ಪೆಟ್ಟು ಹಾಕು ಅಂತ. ನಾನು ಹಾಕ್ಲಿಲ್ಲ. ನಂಗೆ ಕೈ ಬರ್ಲಿಲ್ಲ.”

ಚಹಾ ಬಂದದ್ದು ಹಾಗೇ ಆರಿತು. ನನಗೆ ಆ ಪೆಂಡಾಲು ಪೂರ್ತಿ ಬೇರೆಯದಾಗಿ ಕಾಣಿಸಿತು. ಅವರು ಮುಳುಗುತ್ತಿದ್ದ ಕಾರ್ಯಕ್ರಮವನ್ನು ಎತ್ತಿದವರಲ್ಲ. ಕೈಯಲ್ಲೊಂದು ಮಾತು ಸಿದ್ಧವಿತ್ತು, ಅದನ್ನು ಆಡಲು ಒಂದು ಹುಡುಗಿ ಬೀಳಬೇಕಿತ್ತು. ಹಾಗಾಗಿ ಬೀಳಿಸಿದರು.

ಕುಮಟಾದ ಅವರ ಮನೆಗೆ ಹೋಗೋಣವೆಂದು ಹೇಳಿದ್ದು ಸುಮಿತ್ರಳೇ. “ಜಗಳಕ್ಕಲ್ಲ. ಆ ಒಂದು ಸಾಲು ತಿದ್ದಲಿ, ಅಷ್ಟೇ” ಎಂದಳು.

ಮಾಸ್ತ್ರು ಜಗಲಿಯಲ್ಲಿ ಕೂತಿದ್ದರು. ಸ್ವಲ್ಪ ಬಡಕಲಾಗಿದ್ದರು, ಅಂಗಿ ಅಷ್ಟೇ ಬಿಳಿ. “ಓಹೋ, ಗಣಿತ ಸಂಗೀತ ಎರಡೂ ಒಟ್ಟಿಗೇ ಬಂತಲ್ಲ!” ಎಂದು ಬರಮಾಡಿಕೊಂಡರು. ಅವರ ಹೆಂಡತಿ ಚಹಾ ತಂದರು. “ಕುಡೀರಿ, ಕುಡೀರಿ. ನಮ್ಮನೆಯವ್ರ ಚಹಾ ಕುಡಿದವರು ಇವತ್ತಿನವರೆಗೆ ಎರಡನೇ ಲೋಟ ಕೇಳಿ ನಮಗೆ ತೊಂದ್ರೆ ಕೊಟ್ಟಿಲ್ಲ” ಎಂದರು ಮಾಸ್ತ್ರು. ಆ ಹೆಂಗಸು ದಿನದ ಪೇಪರ್ ಎತ್ತಿಡುವವರ ಹಾಗೆ ಅಭ್ಯಾಸದ ಒಂದು ನಗು ನಕ್ಕು ಬಾಗಿಲ ಹತ್ತಿರ ನಿಂತರು.

ಸುಮಿತ್ರ ಸುತ್ತು ಬಳಸಲಿಲ್ಲ.

“ನಿಮ್ಮ ಪುಸ್ತಕ ಕೇಳಿದ್ವು ಮಾಸ್ತ್ರೇ. ನನ್ನ ಬಗ್ಗೆ ಬರದದ್ದೂ ಕೇಳಿದ್ವು.”

“ನಾ ಹೆಸರು ಹೇಳಿದ್ನಾ?”

“ಹೇಳ್ಲಿಲ್ಲ. ಕಪ್ಪೆ ಅಂದದ್ದಕ್ಕೆ ನಾ ಬಂದದ್ದೂ ಅಲ್ಲ. ನಾ ಬ್ಯಾಡ ಅಂದಿದ್ದೆ, ನೀವು ಹಾಡ್ಸಿದ್ರಿ. ಪುಸ್ತಕದಲ್ಲಿ ಅದು ಉಲ್ಟಾ ಆಗಿದೆ. ಅದೊಂದು ತಿದ್ದಿ.”

ಅವರು ಕನ್ನಡಕ ತೆಗೆದರು. ಯಾರೂ ನಗುತ್ತಿರಲಿಲ್ಲ, ಆದರೂ ಒರೆಸಿದರು. “ನೋಡು ತಂಗಿ, ಅದು ಹಾಸ್ಯ. ಕೋರ್ಟಿನ ಸಾಕ್ಷಿ ಅಲ್ಲ. ಹಟ ಮಾಡಿ ಹಾಡ್ಲಿಕ್ಕೆ ಹೋದವಳ ದನಿ ಒಡೆದ್ರೆ ಜನ ನಗ್ತಾರೆ. ಹುಡುಗಿಗೆ ಜ್ವರ ಇತ್ತು, ಕೈಮುಗಿದು ಬೇಡ ಅಂದ್ಲು ಅಂತ ಬರೆದ್ರೆ ಯಾರು ನಗ್ತಾರೆ?”

ಕೈಮುಗಿದದ್ದನ್ನು ನಾವು ಹೇಳಿರಲಿಲ್ಲ. ಅವರೇ ಹೇಳಿದರು. ಅಷ್ಟೂ ನೆನಪಿತ್ತು ಅವರಿಗೆ.

ನನಗೆ ತಡೆಯಲಾಗಲಿಲ್ಲ. “ಕಪ್ಪೆ ಮಾತು ಮೊದ್ಲೇ ಮಾಡಿ ಇಟ್ಕಂಡಿದ್ರಿ. ಅಶ್ರಫ್ ಹೇಳಿದ” ಎಂದೆ.

ಅವರು ಮುಜುಗರಪಡುತ್ತಾರೆ ಎಂದುಕೊಂಡಿದ್ದೆ. ಪಾಠ ಹೇಳುವವರ ಹಾಗೆ ಮುಂದೆ ಬಗ್ಗಿದರು. “ಒಳ್ಳೆ ಮಾತು ಯಾವತ್ತೂ ತಯಾರಿ ಮಾಡಿದ್ದೇ ಅಕ್ಕೋರೇ. ಆಗಷ್ಟೇ ಹೊಳೆದ ಹಾಗೆ ಕಾಣ್ಬೇಕು. ಅದರಲ್ಲೇ ಇರೂದು ಕಸುಬು. ಆ ಒಂದು ಮಾತಿಗೆ ಜನ ಇವತ್ತಿಗೂ ನನ್ನ ನೆನಪು ಇಟ್ಕೊಂಡಿದಾರೆ.”

“ನನ್ನನ್ನೂ ಇಟ್ಕಂಡಿದಾರೆ” ಎಂದಳು ಸುಮಿತ್ರ.

“ಮತ್ತೆ? ಪುಕ್ಕಟೆ ಪ್ರಚಾರ!” ಎಂದರು ಮಾಸ್ತ್ರು.

ಬಾಗಿಲ ಹತ್ತಿರ ನಿಂತಿದ್ದ ಅವರ ಹೆಂಡತಿ ಒಳಗೆ ಹೋದರು. ನಾವು ಎದ್ದೆವು. ಗೇಟಿನ ತನಕ ಅವರು ಬಂದು, ರಸ್ತೆ ದಾಟುವಾಗ ಜಾಗ್ರತೆ ಎಂದು ಕಾಳಜಿಯಿಂದಲೇ ಹೇಳಿದರು. ಅದೇ ನನ್ನ ಮೈ ಉರಿಸಿದ್ದು. ಅವರೊಳಗೆ ಒಂದಿಷ್ಟು ದ್ವೇಷ ಇದ್ದಿದ್ದರೂ ಅರ್ಥವಾಗುತ್ತಿತ್ತು. ದ್ವೇಷ ಇರಲಿಲ್ಲ. ಸುಮಿತ್ರ ಅವರ ಪಾಲಿಗೆ ಯಾವತ್ತೂ ಮನುಷ್ಯಳೇ ಆಗಿರಲಿಲ್ಲ, ಸರಕಾಗಿದ್ದಳು.

ಆ ಆ್ಯಪಿನಲ್ಲಿ ಕೇಳುಗರು ಅಭಿಪ್ರಾಯ ಬರೆಯಬಹುದು. ಪುಸ್ತಕದ ಕೆಳಗೆ ಹೊಗಳಿಕೆಯ ಸಾಲುಗಳು ಉದ್ದಕ್ಕೆ ಇದ್ದವು. ‘ನಮ್ಮೂರ ಕೋಗಿಲೆ ಕೇಳಿ ಹೊಟ್ಟೆ ಹುಣ್ಣಾಯಿತು’ ಎಂದೇ ಎಷ್ಟೋ ಜನ ಬರೆದಿದ್ದರು. ಸುಮಿತ್ರ ನನ್ನ ಮಗಳ ಹತ್ತಿರ ಕೇಳಿ ಕಲಿತು, ತಾನೇ ಟೈಪು ಮಾಡಿ ಹಾಕಿದಳು. ತಾನು ಆ ಹಾಡುಗಾರ್ತಿ, ಆ ದಿನ ತನಗೆ ಜ್ವರವಿತ್ತು, ಈ ಹಾಡು ಬೇಡವೆಂದು ತಾನೇ ಕೇಳಿಕೊಂಡಿದ್ದೆ ಎಂದು ಬರೆದಳು. ಒಂದೂ ಕೆಟ್ಟ ಮಾತಿಲ್ಲ. ಅಶ್ರಫ್ ಅದರ ಕೆಳಗೆ, ನಾನು ಅಲ್ಲಿದ್ದೆ, ಇದು ನಿಜ ಎಂದು ಬರೆದ.

ಎರಡು ದಿನ ಬಿಟ್ಟು ಮಾಸ್ತ್ರು ಫೋನು ಮಾಡಿದರು. ಸುಮಿತ್ರ ನನ್ನ ಎದುರಿಗೇ ಸ್ಪೀಕರಿಗೆ ಹಾಕಿದಳು. ಆ ದನಿಯಲ್ಲಿ ತಮಾಷೆಯೇ ಇಲ್ಲದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ತೆಗಿ ಅದನ್ನ. ಈ ವಯಸ್ಸಲ್ಲಿ ನನ್ನ ಮರ್ಯಾದೆ ತೆಗೀತಿಯಾ? ಎಷ್ಟು ಜನ ನೋಡ್ತಾರೆ ಗೊತ್ತುಂಟಾ ಅದನ್ನ?”

“ಗೊತ್ತುಂಟು ಮಾಸ್ತ್ರೇ. ಪೆಂಡಾಲಲ್ಲೂ ತುಂಬಾ ಜನ ಇದ್ರು” ಎಂದಳು ಸುಮಿತ್ರ. “ನಾ ತೆಗೂದಿಲ್ಲ.” ಫೋನಿಟ್ಟಳು. ಸ್ವಲ್ಪ ಹೊತ್ತಿಗೆ ಹೊಲಿಗೆ ಮಿಷನ್ನಿನ ಹತ್ತಿರ ಹೋಗಿ ಕೂತಳು.

ಆ ವಾರ ಕಳೆಯುವಷ್ಟರಲ್ಲಿ ಇಬ್ಬರ ಬರಹವೂ ಅಲ್ಲಿಂದ ಮಾಯವಾಗಿತ್ತು. ಯಾರು ದೂರು ಕೊಟ್ಟರೋ, ಆ ಆ್ಯಪಿನವರು ಯಾಕೆ ತೆಗೆದರೋ ನಮಗೆ ತಿಳಿಯಲಿಲ್ಲ. ನಾನು ಬರೆದು ಕೇಳಿದ್ದಕ್ಕೆ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂಬ ಉತ್ತರ ಬಂತು. ಪ್ರಬಂಧ ಕಪ್ಪೆಯ ಸದ್ದಿನ ಸಮೇತ ಹಾಗೇ ಉಳಿಯಿತು. ಸುಮಿತ್ರ ಮತ್ತೆ ಬರೆಯಲು ಹೋಗಲಿಲ್ಲ. “ಸಾಕು ಅಕ್ಕ. ಹೇಳೂದು ಹೇಳ್ದೆ” ಎಂದಳು. ನನಗೆ ಸಾಕಾಗಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಎದೆನೋವು ಬಂದು ಮಾಸ್ತ್ರು ತೀರಿಕೊಂಡರು. ಶಾಲೆಯ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಬಹಳ ವರ್ಷ ಜೊತೆಗಿದ್ದವಳೆಂದು ಎರಡು ಮಾತಾಡಲು ನನ್ನನ್ನೂ ಕೇಳಿಕೊಂಡರು. ಸುಮಿತ್ರಳಿಗೆ ಫೋನು ಮಾಡಿ ಬರುತ್ತೀಯಾ ಎಂದೆ. “ನಾ ಎಂತಕೆ ಬರ್ಲಿ? ಬ್ಲೌಸು ಕೊಡೂದುಂಟು. ನೀ ಬೇಕಾದ್ರೆ ಹೋಗು” ಎಂದಳು. ಏನು ಮಾತಾಡಬೇಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಭೆ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬಂದು ಅವರ ಮಾತುಗಳನ್ನು ನೆನಪಿಸಿಕೊಂಡು ನಗಿಸಿದರು. ಮಂಜಣ್ಣ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಮುಖ್ಯೋಪಾಧ್ಯಾಯರು, ಅವರ ಪುಸ್ತಕದ ಒಂದು ಭಾಗವನ್ನು ಈಗ ಕೇಳೋಣ ಎಂದು ಹೇಳಿ ಸ್ಪೀಕರಿಗೆ ಫೋನು ಜೋಡಿಸಿದರು. ಅಷ್ಟೊಂದು ಪ್ರಬಂಧಗಳಲ್ಲಿ ಅವರು ಆರಿಸಿದ್ದು ‘ನಮ್ಮೂರ ಕೋಗಿಲೆ’. ಕಪ್ಪೆ ಕೂಗಿದಾಗ ಸಭೆಗೆ ಸಭೆಯೇ ನಕ್ಕಿತು. ಮಾಲೆ ಹಾಕಿದ ಫೋಟೋದೊಳಗಿಂದ ಮಾಸ್ತ್ರು ಯಾರು ನಗಲಿಲ್ಲವೆಂದು ನೋಡುವ ಹಾಗೆ ನೋಡುತ್ತಿದ್ದರು. ಮೊದಲ ಸಾಲಿನಲ್ಲಿ ಕೂತ ಅವರ ಹೆಂಡತಿಯ ಮುಖ ನನಗೆ ಕಾಣಿಸುತ್ತಿರಲಿಲ್ಲ.

ಅದು ಮುಗಿದ ಕೂಡಲೇ ನನ್ನ ಹೆಸರು ಕರೆದರು. ಮೈಕಿನ ಹತ್ತಿರ ಹೋಗುವ ತನಕ ನನಗೂ ಏನು ಹೇಳುತ್ತೇನೆಂದು ಖಚಿತವಿರಲಿಲ್ಲ.

“ಈಗ ನೀವು ಕೇಳಿ ನಕ್ಕಿರಲ್ಲ, ಆ ಹಾಡುಗಾರ್ತಿ ನನ್ನ ತಂಗಿ” ಎಂದೆ. “ಆ ದಿನ ಅವಳಿಗೆ ಜ್ವರ ಇತ್ತು. ಈ ಹಾಡು ಬೇಡ ಎಂದು ಮಾಸ್ತ್ರ ಹತ್ತಿರ ಕೈಮುಗಿದು ಕೇಳಿದ್ದಳು. ಅವರು ಆಗಲಿ ಎಂದು ಹೇಳಿ, ಅದೇ ಹಾಡು ಹಾಡಿಸಿದರು. ಕಪ್ಪೆಯ ಮಾತನ್ನು ಮೊದಲೇ ಮಾಡಿ ಇಟ್ಟುಕೊಂಡಿದ್ದರು. ಇದನ್ನು ಅವರೇ ನನ್ನೆದುರು ಒಪ್ಪಿದ್ದಾರೆ. ಅವರ ಮನೆಯವರೂ ಅಲ್ಲಿದ್ದರು. ನನಗೆ ಹೇಳಲು ಇರುವುದು ಇಷ್ಟೇ.”

ಯಾರೋ ಕೆಮ್ಮಿದರು. ಯಾರೋ “ಛೆ, ಇದೆಲ್ಲ ಇವತ್ತು ಬೇಕಿತ್ತಾ?” ಎಂದದ್ದು ಕೇಳಿಸಿತು. ಹಲವರು ನನ್ನನ್ನಲ್ಲ, ಮೊದಲ ಸಾಲಿನತ್ತ ನೋಡಿದರು. ಆ ಹೆಂಗಸು ಅಲ್ಲಗಳೆಯುತ್ತಾರೆಂದು ಕಾದರು. ಅವರು ಅಲ್ಲಗಳೆಯಲಿಲ್ಲ. ತಲೆ ಬಗ್ಗಿಸಲೂ ಇಲ್ಲ. ಸುಮ್ಮನೆ ನೇರವಾಗಿ ಕೂತಿದ್ದರು.

ಮುಖ್ಯೋಪಾಧ್ಯಾಯರು ಗಡಿಬಿಡಿಯಲ್ಲಿ ಎದ್ದು ಬಂದು ಮೈಕು ಹಿಡಿದರು. ಇನ್ನೂ ಮೂರ್ನಾಲ್ಕು ಜನ ಮಾತಾಡುವವರಿದ್ದರು. ಅದನ್ನೆಲ್ಲ ಬಿಟ್ಟು, “ಈಗ ಅಗಲಿದ ಚೇತನಕ್ಕೆ ಒಂದು ನಿಮಿಷ ಮೌನ” ಎಂದರು. ಕುರ್ಚಿಗಳು ಸರಿದ ಸದ್ದಾಯಿತು. ಎಲ್ಲರೂ ಎದ್ದು ನಿಂತರು.

ನಾನೂ ನಿಂತೆ. ನನ್ನ ತಂಗಿ ಇಪ್ಪತ್ತೈದು ವರ್ಷದಿಂದ ಹಿಡಿದುಕೊಂಡು ಬಂದ ಮೌನದೆದುರು ಆ ಒಂದು ನಿಮಿಷ ಯಾವ ಲೆಕ್ಕ? ಆದರೂ ಅದನ್ನು ಪೂರ್ತಿ ನಿಂತು, ತಲೆಯೆತ್ತಿಯೇ ನಿಂತು, ಅವಳ ಹೆಸರಿಗೇ ಮುಗಿಸಿದೆ. ಮಾಸ್ತ್ರಿಗೆ ಅದರಲ್ಲಿ ಏನೂ ಕೊಡಲಿಲ್ಲ.